ಅಂಕಿ ಹೆಕ್ಕುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಅಂಕಿ ಕಂಡರೆ ಆಗುವುದಿಲ್ಲ. ಆದರೆ ತಿಂಗಳಾದರೆ ಅವಳಿಗೆ ಸಂಬಳ ಬರುವುದು ಮಾತ್ರ ಅಂಕಿ ಹೆಕ್ಕುವುದಕ್ಕೆ! ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವವಳು ಬಂದರಿನಲ್ಲಿ ಮೀನು ಮಾರಲು ಕುಳಿತ ಹಾಗಾಯಿತಲ್ಲ ಎಂದು ನೀವು ನಗಬಹುದು. ನಗಿ, ನಾನೂ ನಕ್ಕಿದ್ದೇನೆ. ನಗುತ್ತ ನಗುತ್ತಲೇ ಚೆನ್ನೈನ ಮೈಲಾಪುರದ ಹಳೆಯ ಫ್ಲ್ಯಾಟೊಂದರಲ್ಲಿ ಅವಳ ಜೊತೆ ಇಷ್ಟು ಕಾಲ ಬಾಳಿದ್ದೇನೆ.

ಅವಳು ನನ್ನ ಅಮ್ಮನ ತಂಗಿ. ಮದುವೆಯಾಗಿಲ್ಲ. ವಯಸ್ಸೆಷ್ಟು ಎಂದು ಕೇಳಬೇಡಿ, ಹೇಳುವುದಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಅಂಕಿಯಲ್ಲವೇ, ಅದಕ್ಕೆ! ಬಹಳ ಒತ್ತಾಯ ಮಾಡಿದರೆ, "ಕನ್ನಡಕ ಹಾಕ್ಕೊಂಡು ಸೂಜಿಗೆ ದಾರ ಪೋಣಿಸೋ ವಯಸ್ಸು" ಎನ್ನುತ್ತಾಳೆ. ಮನೆಯಲ್ಲಿ ಕ್ಯಾಲೆಂಡರ್ ಇಲ್ಲ. ಗಡಿಯಾರ ಒಂದಿದೆ, ಅದರ ಮುಳ್ಳುಗಳು ಯಾವತ್ತೋ ನಿಂತುಹೋಗಿವೆ. ಚೌಕಟ್ಟು ಚೆನ್ನಾಗಿದೆ ಎಂದು ಹಾಗೇ ಬಿಟ್ಟಿದ್ದಾಳೆ. ನಾನೋ ಗಣಿತದ ಟೀಚರು! ಮೈಸೂರಿನಿಂದ ಅಣ್ಣಾ ನಗರದ ಶಾಲೆಯೊಂದಕ್ಕೆ ಕೆಲಸ ಸಿಕ್ಕಿ ಹೊರಟಾಗ ಅಮ್ಮ ಹೇಳಿದ್ದು ಒಂದೇ ಮಾತು: "ಅವಳು ನಿನ್ನ ನೋಡ್ಕೋತಾಳೆ ಅಂತ ಹೋಗ್ಬೇಡ. ನೀನೇ ಅವಳನ್ನ ನೋಡ್ಕೋ."

ಅದರ ಅರ್ಥ ಮೊದಲ ದಿನವೇ ತಿಳಿಯಿತು. ರೈಲಿಳಿದು ಫೋನ್ ಮಾಡಿದೆ.

"ಚಿಕ್ಕಮ್ಮ, ಮನೆ ನಂಬರ್ ಹೇಳು."

"ನಂಬರ್ ಯಾಕೆ ಬೇಕು? ಕೊಳದ ಹತ್ರ ಇಳಿ. ಕಾಫಿ ಬೀಜ ಹುರಿಯೋ ವಾಸನೆ ಬರತ್ತೆ, ಅದರ ಜೊತೆ ನಡ್ಕೊಂಡು ಬಾ. ಕಾಫಿ ಮುಗಿದು ಮಲ್ಲಿಗೆ ಶುರುವಾಗತ್ತಲ್ಲ, ಅಲ್ಲಿ ಎಡಕ್ಕೆ ತಿರುಗು. ಮೆಟ್ಟಿಲ ಮೇಲೆ ಹಳದಿ ಬೆಕ್ಕು ಮಲಗಿರತ್ತೆ, ಅದೇ ನಮ್ಮನೆ."

ನಂಬಿದರೆ ನಂಬಿ, ಸೂಟ್‌ಕೇಸ್ ಎಳೆದುಕೊಂಡು ಮೂಗು ಮೇಲೆತ್ತಿ ನಡೆದೆ. ಕಾಫಿ ಸಿಕ್ಕಿತು, ಮಲ್ಲಿಗೆ ಸಿಕ್ಕಿತು, ಬೆಕ್ಕೂ ಸಿಕ್ಕಿತು. ಬೆಲ್ ಮಾಡಿದೆ. ಬಾಗಿಲು ತೆಗೆದ ಮಾಮಿ ಒಳಗೆ ಕರೆದು, ಫ್ಯಾನ್ ಹಾಕಿ, ಕಾಫಿ ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು, ಆಮೇಲೆ ಮೆಲ್ಲಗೆ ಕೇಳಿದರು, "ನೀ ಯಾರುಮ್ಮಾ?" ಆ ದಿನ ಬೆಕ್ಕು ಪಕ್ಕದ ಮನೆಯ ಮೆಟ್ಟಿಲ ಮೇಲೆ ಮಲಗಿತ್ತು!

ಬಸ್ಸಿನ ವಿಷಯವೂ ಇದೇ ಕಥೆ. ಚಿಕ್ಕಮ್ಮನ ಆಫೀಸೂ ಅಣ್ಣಾ ನಗರದಲ್ಲೇ ಇತ್ತು. ಆದರೆ ನನ್ನ ಜೊತೆ ಹೊರಡೋಣವೆಂದರೆ ಅವಳು ಬಾಲ್ಕನಿಯಲ್ಲಿ ಗಿಳಿ ನೋಡುತ್ತ ನಿಂತುಬಿಡುತ್ತಿದ್ದಳು. ಎದುರಿನ ದೇವಸ್ಥಾನದ ಗೋಪುರದ ಗೊಂಬೆಗಳ ನಡುವೆ ಗಿಳಿಗಳ ಸಂಸಾರವಿದೆ. ಬೆಳಗಿನ ಬಿಸಿಲಿಗೆ ಅವು ಒಂದೊಂದೇ ಹೊರಬಂದು ಯಾವುದೋ ದೇವತೆಯ ಭುಜದ ಮೇಲೆ ಕೂರುತ್ತವೆ. ಅವೆಲ್ಲ ಹಾರಿಹೋದ ಮೇಲೆ ಇವಳು ಚಪ್ಪಲಿ ಹುಡುಕುವುದು. ಬಸ್‌ಸ್ಟಾಪಿಗೆ ಬಂದರೆ ನಂಬರ್ ನೋಡಿ ಹತ್ತುವ ಅಭ್ಯಾಸವೇ ಇಲ್ಲ! "ಬಸ್ಸಿನ ಮುಖ ನೋಡಿದ್ರೆ ಗೊತ್ತಾಗತ್ತೆ ಕಣೇ, ಇದು ಅಣ್ಣಾ ನಗರಕ್ಕೆ ಹೋಗೋದು ಅಂತ."

ಒಂದು ಸಂಜೆ ಮನೆಗೆ ಬಂದವಳ ಚಪ್ಪಲಿಯ ತುಂಬ ಮರಳು.

"ಆಫೀಸಿಗೆ ಹೋಗಿದ್ಯಾ?"

"ಹೊರಟಿದ್ದೆ. ಬಸ್ ನಿಂತಾಗ ನೋಡಿದ್ರೆ ಎದುರಿಗೆ ಸಮುದ್ರ ಇತ್ತು. ಅಷ್ಟು ದೊಡ್ಡದು ಎದುರಿಗೆ ಬಂದಾಗ ವಾಪಸ್ ತಿರುಗೋದು ಮರ್ಯಾದೆ ಅಲ್ಲ ಅಂತ ಕೂತುಬಿಟ್ಟೆ."

ಇಂಥವಳಿಗೆ ಯಾವ ಕಂಪನಿ ಕೆಲಸ ಕೊಟ್ಟಿತು ಎಂದು ನಿಮಗೆ ಅನ್ನಿಸುತ್ತಿರಬಹುದು. ಔಷಧಿಗಳನ್ನು ಮನೆಗೆ ತಲುಪಿಸುವ ಒಂದು ಸಣ್ಣ ಕಂಪನಿ. ಜನ ತಮಗೇನು ಬೇಕೆಂದು ಫೋನಿನಲ್ಲೇ ಬರೆದು ಕಳಿಸುತ್ತಾರೆ. ಬರೆಯುವ ಜಾಗ ಒಂದೇ ಒಂದು ಡಬ್ಬಿ. ಯಾರು ಏನು ಬೇಕಾದರೂ ಹೇಗೆ ಬೇಕಾದರೂ ಬರೆಯಬಹುದು. ಆ ಮಾತಿನ ರಾಶಿಯೊಳಗಿಂದ ಮನೆ ನಂಬರ್, ಫೋನ್ ನಂಬರ್, ಮಾತ್ರೆ ಎಷ್ಟು ಎಂಬ ಅಂಕಿಗಳನ್ನಷ್ಟೇ ಹೆಕ್ಕಿ ಪಕ್ಕಕ್ಕಿಡುವ ಪ್ರೋಗ್ರಾಂ ಬರೆಯುವುದು ಚಿಕ್ಕಮ್ಮನ ಕೆಲಸ.

"ಇದೇನು ಮಹಾ ಕೆಲಸ? ಅಂಕಿ ಕಂಡರೆ ಎತ್ತಿಕೋ ಅಂದರಾಯಿತಲ್ಲ" ಎಂದೆ ಒಮ್ಮೆ. ತಾರಸಿಯ ಮೇಲೆ ಗಾಳಿಗೆ ಕೂತಿದ್ದೆವು. ಚಿಕ್ಕಮ್ಮ ಮುಡಿಯಿಂದ ಹೂವಿನ ಮಾಲೆ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ನಿನಗೆ ಕಣ್ಣಿದೆ, ಮಲ್ಲಿಗೆ ಯಾವುದು ಮರುಗ ಯಾವುದು ಗೊತ್ತಾಗತ್ತೆ. ಕಂಪ್ಯೂಟರ್ ಕುರುಡು ಪಾಪ. ಅದಕ್ಕೆ ಎಲ್ಲ ಒಂದೇ ದಾರದಲ್ಲಿ ಕಟ್ಟಿದ ಹೂವು. 'ಮ' ಅನ್ನೋದೂ ಒಂದು ಹೂವು, 'ಐದು' ಅಂತ ಬರೆದ ಅಂಕಿನೂ ಒಂದು ಹೂವು. ಎರಡು ಐದು ಕೊಟ್ಟು ಕೂಡಿಸು ಅಂದ್ರೆ ಹತ್ತು ಅನ್ನಲ್ಲ, ಪಕ್ಕಪಕ್ಕ ಕಟ್ಟಿ ಐವತ್ತೈದು ಮಾಡಿ ಕೊಡತ್ತೆ! ನಾವು ಒಂದೊಂದೇ ಮುಟ್ಟಿ ತೋರಿಸಬೇಕು, ಇದು ಅಂಕಿ, ಇದಲ್ಲ ಅಂತ."

ಐದಕ್ಕೆ ಐದು ಸೇರಿದರೆ ಐವತ್ತೈದು! ನನ್ನ ತರಗತಿಯಲ್ಲಿ ಹಾಗೆ ಬರೆಯುವವರು ಬೇಕಾದಷ್ಟು ಜನರಿದ್ದರು. ಅವರಿಗೆ ದೊಡ್ಡ ಭವಿಷ್ಯವಿದೆ ಎಂದು ಆಗಲೇ ಗೊತ್ತಾದದ್ದು.

ಕುರುಡನಿಗೆ ದಾರಿ ತೋರಿಸುವುದು ಎಷ್ಟು ಕಷ್ಟವೆಂದು ಚಿಕ್ಕಮ್ಮನ ಪ್ರೋಗ್ರಾಂ ಓಡತೊಡಗಿದ ಮೊದಲ ವಾರವೇ ತಿಳಿಯಿತು. ಯಾರೋ ಪುಣ್ಯಾತ್ಮರು "ಪ್ಯಾರಾಸಿಟಮಾಲ್ 650 ಬೇಕು" ಎಂದು ಬರೆದರು. ಪ್ರೋಗ್ರಾಂ ಬಹಳ ಶ್ರದ್ಧೆಯಿಂದ 650 ಅನ್ನು ಹೆಕ್ಕಿ ಮನೆ ನಂಬರಿನ ಜಾಗದಲ್ಲಿ ಇಟ್ಟಿತು. ಔಷಧಿ ಹೊತ್ತವನು ಆರುನೂರೈವತ್ತನೇ ಮನೆ ಹುಡುಕುತ್ತ ಬೀದಿಯನ್ನು ಅಳೆದದ್ದೇ ಅಳೆದದ್ದು. ಮ್ಯಾನೇಜರು ಫೋನಿನಲ್ಲಿ ಅಳುವ ದನಿ ತೆಗೆದರು, "ಮೇಡಮ್, ಅಂದ ತೆರುವುಲ ಮೊತ್ತಮೇ ಮುಪ್ಪದು ವೀಡು ದಾನ್!" ಇಡೀ ಬೀದಿಯಲ್ಲಿ ಇರುವುದೇ ಮೂವತ್ತು ಮನೆಯಂತೆ.

ಅದನ್ನು ಸರಿಮಾಡಿದಳು. ಅಷ್ಟರಲ್ಲಿ ಇನ್ನೊಬ್ಬರು ಡಾಕ್ಟರ ಚೀಟಿಯಲ್ಲಿದ್ದ ಹಾಗೇ "1-0-1" ಎಂದು ಬರೆದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ನಿಮಗೂ ನನಗೂ ಗೊತ್ತು. ಪ್ರೋಗ್ರಾಮಿಗೆ ಹೇಗೆ ಗೊತ್ತಾಗಬೇಕು? ನೂರೊಂದು ಮಾತ್ರೆ ಮನೆಗೆ ಹೋಯಿತು! ದೇವರಿಗೆ ಹರಕೆ ಹೊತ್ತ ಹಾಗೆ! ಮ್ಯಾನೇಜರು ತಲೆ ಮೇಲೆ ಕೈಹೊತ್ತರೆ ಚಿಕ್ಕಮ್ಮ ಮಾತ್ರ ಆ ಸೊನ್ನೆಯನ್ನೇ ನೋಡುತ್ತ ಕೂತಿದ್ದಳಂತೆ. ಮನೆಗೆ ಬಂದು ನನಗೆ ಹೇಳಿದಳು, "ಮಧ್ಯಾಹ್ನ ಏನೂ ಇಲ್ಲ ಅನ್ನೋದನ್ನ ಎಷ್ಟು ಚೆನ್ನಾಗಿ ಬರೀತಾರೆ ನೋಡು. ಎರಡು ಕಂಬದ ನಡುವೆ ಒಂದು ಕಿಟಕಿ ಇಟ್ಟ ಹಾಗೆ."

ಇನ್ನು ಈ ಊರಿನ ಮನೆ ನಂಬರುಗಳ ವಿಚಾರ! ಯಾವುದೋ ಕಾಲದಲ್ಲಿ ಎಲ್ಲ ಮನೆಗಳಿಗೂ ಹೊಸ ನಂಬರ್ ಕೊಟ್ಟರು. ಹಳೆಯದನ್ನು ಯಾರೂ ಬಿಡಲಿಲ್ಲ. ಹೀಗಾಗಿ ಪ್ರತಿ ಮನೆಗೂ ಎರಡೆರಡು: ಹಳೇ ನಂಬರ್ ಇಷ್ಟು, ಹೊಸ ನಂಬರ್ ಇಷ್ಟು. ನಿಮ್ಮ ಹೊಸ ನಂಬರ್ ಇನ್ಯಾರದೋ ಹಳೇ ನಂಬರ್. ಈ ಗೋಜಲನ್ನು ಬಿಡಿಸಲು ಹೋಗಿ ಚಿಕ್ಕಮ್ಮನ ಪ್ರೋಗ್ರಾಂ ಒಮ್ಮೆ ಎರಡನ್ನೂ ಅಂಟಿಸಿ ಸಾವಿರದ ಮೇಲಿನ ಒಂದು ಮನೆಯನ್ನು ಹುಟ್ಟಿಸಿತ್ತು. ಅಂಥ ಮನೆ ಇದ್ದರೆ ಬಂಗಾಳ ಕೊಲ್ಲಿಯ ನಡುವೆಯೇ ಇರಬೇಕು!

ಆದರೆ ಒಂದು ಮಾತು. ಅಂಕಿ ಹೆಕ್ಕಿದ ಮೇಲೆ ಉಳಿಯುವ ಮಾತುಗಳು ಕಂಪನಿಗೆ ಬೇಡದವು. ಅಂಕಿಯೇ ಇಲ್ಲದ ಸಂದೇಶವಂತೂ ನೇರ ಕಸದ ರಾಶಿಗೆ. ಆ ರಾಶಿಯನ್ನು ಯಾರೂ ನೋಡುತ್ತಿರಲಿಲ್ಲ, ಚಿಕ್ಕಮ್ಮನೊಬ್ಬಳನ್ನು ಬಿಟ್ಟು. ಸಂಜೆ ಕಾಫಿಯ ಜೊತೆ ಜನ ಬಜ್ಜಿ ತಿಂದರೆ ಇವಳು ಕಸ ಓದುತ್ತಿದ್ದಳು. ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ನನಗೂ ಓದಿ ಹೇಳುವಳು: "ಕೇಳಿಲ್ಲಿ. ನಿಮ್ಮ ಹುಡುಗ ಮಳೇಲಿ ನೆನೆದು ಬಂದಿದ್ದ, ಟವೆಲ್ ಕೊಟ್ಟಿದ್ದೆ, ವಾಪಸ್ ಬೇಡ, ಅವನೇ ಇಟ್ಟುಕೊಳ್ಳಲಿ ಅಂತ ಒಬ್ಬರು ಬರೆದಿದಾರೆ." ಇನ್ನೊಂದು ದಿನ, "ಈ ಮಾತ್ರೆ ನುಂಗಿದರೆ ಕನಸಲ್ಲಿ ಸತ್ತ ತಂಗಿ ಬರ್ತಾಳೆ, ಅದನ್ನೇ ಕಳಿಸಿ, ಬೇರೆ ಕಂಪನಿದು ಬೇಡ." ಓದಿ ಮುಗಿಸಿ ಹೊರಗೆ ನೋಡುತ್ತ ಕೂರುವಳು. ಕಾಫಿ ಕೆನೆಗಟ್ಟುತ್ತಿತ್ತು.

ಹೀಗಿರುವಾಗ ಮೈಸೂರಿನಲ್ಲಿ ನಮ್ಮ ಅಣ್ಣನ ಮಗುವಿನ ನಾಮಕರಣ ಬಂತು. ಶಾಲೆಗೆ ರಜವಿತ್ತು, ಚಿಕ್ಕಮ್ಮನೂ ರಜ ಹಾಕಿ ನನ್ನ ಜೊತೆ ಹೊರಟಳು. ಅಲ್ಲಿ ದೂರದ ನೆಂಟರೊಬ್ಬರು ಎಲೆಯ ಮುಂದೆ ಅವಳ ಪಕ್ಕವೇ ಕೂತು ಶುರುಮಾಡಿದರು.

"ಮದ್ರಾಸಲ್ಲಿ ಸಂಬಳ ಎಷ್ಟಮ್ಮ?"

"ಸಾಕಾಗತ್ತೆ."

"ಮನೆ ಎಷ್ಟು ಚದರ?"

"ಗಾಳಿ ಬರತ್ತೆ."

"ರಿಟೈರ್ ಆಗೋಕೆ ಇನ್ನೆಷ್ಟು ವರ್ಷ?"

"ಪಾಯಸ ಹಾಕಿಸ್ಕೊಳ್ಳಿ, ಮುಗಿದುಹೋಗತ್ತೆ."

ಅವರು ಎದ್ದು ಹೋಗುವಾಗ ನನ್ನ ಅಮ್ಮನ ಕಿವಿಯಲ್ಲಿ, "ನಿನ್ನ ತಂಗಿಗೆ ಕಿವಿ ಸ್ವಲ್ಪ ಮಂದ ಅಲ್ವಾ?" ಎಂದರಂತೆ!

ವಾರ ಕಳೆದು ಒಂದು ಮಧ್ಯಾಹ್ನ ಚೆನ್ನೈಗೆ ಮರಳಿದೆವು. ಸ್ನಾನ ಮುಗಿಸಿ ಚಿಕ್ಕಮ್ಮ ಕಾಫಿ ಬೆರೆಸಿಕೊಂಡು, ಅಷ್ಟು ದಿನ ಕಾದಿದ್ದ ಕಸದ ರಾಶಿಯನ್ನು ತೆರೆದಳು. ನಾನು ಒಗೆಯುವ ಬಟ್ಟೆ ಬೇರ್ಪಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿತು. ಆ ದನಿಯಲ್ಲಿ ಅವಳು ನನ್ನನ್ನು ಎಂದೂ ಕರೆದಿರಲಿಲ್ಲ.

"ಇಲ್ಲಿ ಬಾರೇ."

ಹೋಗಿ ನೋಡಿದೆ. ತಮಿಳು, ಇಂಗ್ಲಿಷುಗಳ ನಡುವೆ ಒಂದು ಸಂದೇಶ ಅಚ್ಚ ಕನ್ನಡದಲ್ಲಿತ್ತು.

"ನಮಸ್ಕಾರ. ನಮ್ಮ ಯಜಮಾನರ ನೀರಿನ ಮಾತ್ರೆ ಮುಗಿದಿದೆ. ಬೆಳಿಗ್ಗೆ ೧. ಡಾಕ್ಟರ ಚೀಟಿಯ ಫೋಟೋ ಇಟ್ಟಿದ್ದೇನೆ. ಹಳೇ ನಂಬರ್ ೧೭, ಹೊಸ ನಂಬರ್ ೪೩, ಮೇಲಿನ ಮನೆ, ಮಣಲಿ." ಬೀದಿಯ ಹೆಸರು, ಫೋನ್ ನಂಬರ್ ಎಲ್ಲವೂ ಇತ್ತು. ಒಂದಂಕಿಯೂ ಬಿಟ್ಟಿರಲಿಲ್ಲ.

"ಇಷ್ಟೆಲ್ಲ ಅಂಕಿ ಇದೆಯಲ್ಲ, ಇದು ಕಸಕ್ಕೆ ಯಾಕೆ ಬಂತು?" ಎಂದೆ.

ಚಿಕ್ಕಮ್ಮ ಪರದೆಯ ಮೇಲೆ ಬೆರಳಿಟ್ಟಳು. "ನಾನು ಸೊನ್ನೆಯಿಂದ ಒಂಬತ್ತರ ತನಕ ಹುಡುಕು ಅಂತ ಹೇಳಿಕೊಟ್ಟಿದ್ದೆ ಕಣೇ. ಇಂಗ್ಲಿಷಿನ ಸೊನ್ನೆ, ಇಂಗ್ಲಿಷಿನ ಒಂಬತ್ತು. ಕನ್ನಡದ ಅಂಕಿ ಅದಕ್ಕೆ ಅಂಕಿ ಅಂತಾನೇ ಕಾಣಲಿಲ್ಲ. ಎಲ್ಲ ಅಕ್ಷರವೇ ಅಂದ್ಕೊಂಡು ಎಸೆದುಬಿಡ್ತು."

ಕೆಳಗೆ ಇನ್ನೊಂದಿತ್ತು. "ಮಾತ್ರೆ ಇನ್ನೂ ಬರಲಿಲ್ಲ. ಕಾಯುತ್ತಿದ್ದೇವೆ." ಅದರ ಕೆಳಗೆ ಮತ್ತೊಂದು, ಹಿಂದಿನ ದಿನದ್ದು: "ನಾನು ಬರೆದದ್ದರಲ್ಲಿ ಏನಾದರೂ ತಪ್ಪಿದ್ದರೆ ದಯವಿಟ್ಟು ತಿಳಿಸಿ. ಅವರ ಕಾಲು ಊದಿಕೊಂಡಿದೆ. ಮಲಗಲು ಆಗದೆ ಕೂತೇ ನಿದ್ದೆ ಮಾಡುತ್ತಿದ್ದಾರೆ."

ಚಿಕ್ಕಮ್ಮ ಆಗಲೇ ಫೋನ್ ಒತ್ತುತ್ತಿದ್ದಳು. ಆ ಕಡೆ ಗಂಟೆ ಬಾರಿಸಿತು, ಬಾರಿಸಿತು, ನಿಂತಿತು. ಮತ್ತೆ ಮಾಡಿದಳು. ಎತ್ತಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಎಡಗಾಲಿನದು ಅವಳದು, ಬಲಗಾಲಿನದು ನನ್ನದು. ಮೂಲೆಯ ಅಂಗಡಿಯಲ್ಲಿ ಚೀಟಿಯ ಫೋಟೋ ತೋರಿಸಿ ಮಾತ್ರೆ ತೆಗೆದುಕೊಂಡೆವು. ಸಿಕ್ಕ ಆಟೋ ಹತ್ತಿದೆವು. ಮಣಲಿ ಎಂದಾಗ ಆಟೋದವರು, "ಅವ್ವಳವು ದೂರಮಾ?" ಅಷ್ಟು ದೂರವಾ ಎಂದು ಒಮ್ಮೆ ತಿರುಗಿ ನೋಡಿದರು. ಚಿಕ್ಕಮ್ಮನ ಮುಖ ಕಂಡು ಗಾಡಿ ಶುರುಮಾಡಿದರು.

ಸಮುದ್ರ ಬಲಕ್ಕೆ ಬಂದು ಹೋಯಿತು, ಚಿಕ್ಕಮ್ಮ ತಿರುಗಿಯೂ ನೋಡಲಿಲ್ಲ. ಬಂದರು ದಾಟಿ ಕಂಟೇನರ್ ಲಾರಿಗಳ ಸಾಲಿನ ಪಕ್ಕದಲ್ಲಿ ನುಸುಳಿಕೊಂಡು ಹೊರಟೆವು. ಗಾಳಿಯಲ್ಲಿ ಮೀನಿನ ವಾಸನೆ ಹೋಗಿ ಎಣ್ಣೆಯ ವಾಸನೆ ಬಂತು. ಸಂಜೆಗೆಂಪಿನಲ್ಲಿ ಕಾರ್ಖಾನೆಯ ಕೊಳವೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಒಂದು ಎತ್ತರದ ಚಿಮಣಿಯ ತುದಿಯಲ್ಲಿ ಬೆಂಕಿ ಸುಮ್ಮನೆ ಉರಿಯುತ್ತಿತ್ತು, ಯಾರೋ ಆಕಾಶಕ್ಕೆ ದೀಪ ಹಚ್ಚಿಟ್ಟು ಮರೆತ ಹಾಗೆ. ನಿಜವಾಗಿಯೂ ನಾವು ಎಲ್ಲಿಗೆ ಹೋಗುತ್ತಿದ್ದೇವೆ, ಅಲ್ಲಿ ಯಾರಿದ್ದಾರೆ, ಹೇಗಿದ್ದಾರೆ ಎಂಬುದೆಲ್ಲ ನನಗೆ ಕನಸಿನಲ್ಲಿ ನಡೆದಂತೆ ಅನ್ನಿಸುತ್ತಿತ್ತು.

ಬೀದಿ ಸಿಕ್ಕಿತು. ಮನೆ? ಮೂಲೆಯಲ್ಲಿ ಇಸ್ತ್ರಿ ಹಾಕುತ್ತಿದ್ದವರನ್ನು ಆಟೋದವರು ಕೇಳಿದರು. ಅವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, "ಪಳಯ ಪದಿನೇಳಾ, ಪುದು ಪದಿನೇಳಾ?" ಎಂದು ಮರುಪ್ರಶ್ನೆ ಹಾಕಿದರು. ಹಳೇ ಹದಿನೇಳೋ, ಹೊಸ ಹದಿನೇಳೋ! ಹಳೇ ಹದಿನೇಳು ಎಂದೆವು. ತೋರಿಸಿದ ಮನೆಗೆ ಹೋದರೆ ಅದು ಹೊಸ ಹದಿನೇಳು. ಹೊಸ ನಲವತ್ಮೂರಾದರೂ ಸಿಗಲಿ ಎಂದು ಹುಡುಕಿದರೆ, ಗೋಡೆಗಳ ಮೇಲಿನ ನಂಬರುಗಳನ್ನೆಲ್ಲ ಪೋಸ್ಟರುಗಳು ನುಂಗಿಬಿಟ್ಟಿದ್ದವು. ಆಟೋದವರು ಒಂದು ಕಡೆ, ನಾನು ಒಂದು ಕಡೆ ಪೋಸ್ಟರು ಕೆರೆಯುತ್ತ ನಿಂತೆವು.

ಚಿಕ್ಕಮ್ಮ ಬೀದಿಯ ನಟ್ಟನಡುವೆ ಹೋಗಿ ನಿಂತಳು. ಸೆರಗು ಬಿಗಿದು, ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂಗಿದಳು:

"ಯಾರಾದ್ರೂ ಕನ್ನಡದೋರು ಇದ್ದೀರಾ? ಕನ್ನಡದೋರೇ!"

ನಾಯಿಗಳು ಬೊಗಳಿದವು. ಬಾಗಿಲು ಬಾಗಿಲಲ್ಲೂ ತಲೆಗಳು ಕಂಡವು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು. ಅಷ್ಟರಲ್ಲಿ ಎದುರು ಸಾಲಿನ ಮೇಲಿನ ಮನೆಯ ಕಿಟಕಿ ತೆರೆಯಿತು. ಬಿಳೀ ಕೂದಲಿನ ಒಂದು ತಲೆ ಹೊರಗೆ ಬಂತು.

"ಯಾರಮ್ಮಾ ಅದು? ನಮ್ಮ ಮಾತು ಕೇಳಿಸ್ತಲ್ಲಾ!"

ಮೆಟ್ಟಿಲು ಹತ್ತಿದೆವು. ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಅವರ ಮನೆತನ ತಲೆಮಾರುಗಳಿಂದ ಮದ್ರಾಸಿನದು, ಮಾತಿನಲ್ಲಿ ತಮಿಳು ಸಕ್ಕರೆಯ ಹಾಗೆ ಕರಗಿತ್ತು. "ವಾಂಗೋ, ಬನ್ನಿ ಬನ್ನಿ. ಮಾತ್ರೆ ಕಂಪನಿಯವರಾ? ನಾನು ಎಷ್ಟು ದಪಾ ಬರೆದೆ ಅಂತೀರಿ! ಇವರಿಗೆ ಮೂಚ್ಚು ವಾಂಗ್ತಾ ಇದೆಮ್ಮಾ, ಉಸಿರೇ ಸಿಕ್ಕತಿಲ್ಲ."

"ಫೋನ್ ಮಾಡಿದ್ವಲ್ಲ, ಎತ್ತಲಿಲ್ಲ ನೀವು" ಎಂದೆ.

"ತೆರಿಯದ, ಗೊತ್ತಿಲ್ಲದ ನಂಬರ್ ಎತ್ತಬೇಡಿ, ಮೋಸ ಮಾಡ್ತಾರೆ ಅಂತ ಟೀವಿಲಿ ದಿನಾ ಹೇಳ್ತಾರಲ್ಲಮ್ಮಾ!"

ಕಿಟಕಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜ ಕೂತಿದ್ದರು. ಪಾದಗಳು ಊದಿ ಹೊಳೆಯುತ್ತಿದ್ದವು. ಒಂದೊಂದು ಪದಕ್ಕೂ ನಿಂತು ಉಸಿರೆಳೆದುಕೊಂಡು, "ಒಂದು ಮಾತ್ರೆಗೆ... ಇಬ್ಬರು... ಬರ್ತಾರಾ? ಒಳ್ಳೇ ಕಂಪನಿ" ಎಂದು ನಕ್ಕರು. ಅಂಥ ಹೊತ್ತಿನಲ್ಲೂ!

ಚಿಕ್ಕಮ್ಮ ನಗಲಿಲ್ಲ. ಅವರ ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೆಗೆದಳು. ಗುಳಿ ಹಾಗೇ ಉಳಿಯಿತು. "ಈಗ ಮಾತ್ರೆ ಸಾಲಲ್ಲ. ಆಸ್ಪತ್ರೆಗೆ ಹೋಗೋಣ, ಏಳಿ" ಎಂದಳು. ಬಸ್ಸಿನ ನಂಬರ್ ನೋಡದ, ಗಿಳಿ ನೋಡುತ್ತ ಆಫೀಸು ಮರೆಯುವ ನಮ್ಮ ಚಿಕ್ಕಮ್ಮ! ಆಟೋದವರನ್ನೂ ಇಸ್ತ್ರಿಯವರನ್ನೂ ಮೇಲಕ್ಕೆ ಕರೆದಳು. ಕುರ್ಚಿಯ ಸಮೇತ ಅಜ್ಜನನ್ನು ಎತ್ತಿಸಿದಳು. ಇಕ್ಕಟ್ಟಾದ ಮೆಟ್ಟಿಲಿನ ತಿರುವಿನಲ್ಲಿ ತಾನೇ ಕುರ್ಚಿಯ ಕಾಲಿಗೆ ಭುಜ ಕೊಟ್ಟಳು. "ಉತ್ಸವಮೂರ್ತಿ... ಹೊರಟಿತು" ಎಂದರು ಅಜ್ಜ. "ಸುಮ್ಮಾ ಇರಿ, ಮಾತಾಡಬೇಡಿ" ಎಂದು ಹಿಂದಿನಿಂದ ಅಜ್ಜಿ ಗದರಿದರು, ಕಣ್ಣೊರೆಸಿಕೊಳ್ಳುತ್ತ.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮೂಗಿಗೆ ಆಕ್ಸಿಜನ್, ಕೈಗೆ ಸೂಜಿ. ಬಾಗಿಲ ಹೊರಗೆ ಬೆಂಚಿನ ಮೇಲೆ ನಾವು ಮೂವರೂ ಕಾದೆವು. ಡಾಕ್ಟರು ಹೊರಬಂದಾಗ ಚಿಕ್ಕಮ್ಮ ಕೂತಲ್ಲಿಂದಲೇ ಅವರ ಮುಖ ನೋಡಿದಳು. ಮಾತ್ರೆ ತಪ್ಪಿದ್ದರಿಂದ ಮೈಯಲ್ಲಿ ನೀರು ನಿಂತಿದೆ, ನೀರು ಇಳಿದರೆ ಸರಿಹೋಗುತ್ತಾರೆ, ಆದರೆ ಇನ್ನೂ ತಡಮಾಡಿದ್ದರೆ ನಾನು ಹೀಗೆ ಹೇಳುತ್ತಿರಲಿಲ್ಲ ಎಂದರು ಡಾಕ್ಟರು. ಅಷ್ಟರಲ್ಲಿ ಅಜ್ಜಿಯ ಮಗನೂ ಓಡಿಬಂದ. ಬಂದರಿನ ಯಾರ್ಡಿನಲ್ಲಿ ಕೆಲಸ, ಕಾಲಲ್ಲಿ ಇನ್ನೂ ಡ್ಯೂಟಿಯ ಬೂಟು.

"ಅಮ್ಮಾ, ಮಾತ್ತಿರೈ ವಂದುಡುಚ್ಚುನ್ನು ಸೊನ್ನಿಯೇ!" ಮಾತ್ರೆ ಬಂತು ಎಂದು ಹೇಳಿದೆಯಲ್ಲ ಎಂದು ತಮಿಳಿನಲ್ಲಿ ಅವನ ಸಂಕಟ.

"ಡಬಲ್ ಶಿಫ್ಟ್ ಮಾಡಿ ಬಂದು ನಿಂತುಕೊಂಡೇ ನಿದ್ದೆ ಮಾಡ್ತಿದ್ಯಲ್ಲೋ. ಹೇಗೂ ಬರತ್ತೆ, ನಿನಗೆ ಯಾಕೆ ಅಲೆಚ್ಚಲ್, ಸುಮ್ಮನೆ ಅಲೆದಾಟ ಅಂತ..." ಎಂದು ಕನ್ನಡದಲ್ಲಿ ಅಜ್ಜಿ. "ನಾನೇ ಏನೋ ತಪ್ಪಾಗಿ ಬರೆದುಬಿಟ್ಟೆ ಕಣೋ."

ಚಿಕ್ಕಮ್ಮ ತಟ್ಟನೆ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. "ನೀವು ಬರೆದದ್ದು ಸರಿಯಾಗೇ ಇತ್ತು. ತಪ್ಪಾಗಿ ಬರೆದದ್ದು ನಾನು."

ಅಜ್ಜಿಗೆ ಅರ್ಥವಾಗಲಿಲ್ಲ. "ನೀನೆಲ್ಲಿ ಬರೆದೆ? ನಾನಲ್ಲವಾ ಬರೆದದ್ದು! ಪಕ್ಕದ ಮನೆ ಹುಡುಗಿ ಫೋನಲ್ಲಿ ಕನ್ನಡ ಹಾಕಿಕೊಟ್ಟಳು, ಕನ್ನಡಕ ಹಾಕ್ಕೊಂಡು ಒಂದೊಂದು ಅಕ್ಷರ ಹುಡುಕಿ ಹುಡುಕಿ ಬರೆದೆ." ಚಿಕ್ಕಮ್ಮ ಆ ಕೈಗಳನ್ನು ಹಾಗೇ ಹಿಡಿದು ಕೂತಳು.

ಮರುದಿನ ಅವಳು ನನಗಿಂತ ಮೊದಲು ಆಫೀಸಿಗೆ ಹೊರಟುಹೋಗಿದ್ದಳು. ಪ್ರೋಗ್ರಾಮಿನಲ್ಲಿ ಬದಲಿಸಬೇಕಾದದ್ದು ಒಂದೇ ಸಾಲು. ಅದಕ್ಕೆ ಮ್ಯಾನೇಜರ ಒಪ್ಪಿಗೆ ಬೇಕು. ಅವರು ಕನ್ನಡಕ ಸರಿಪಡಿಸಿಕೊಂಡು ಕೇಳಿದರಂತೆ, "ಕನ್ನಡ ನಂಬರ್‌ಲ ಎತ್ತನೆ ಪೇರ್ ಅನುಪ್ಪುರಾಂಗ, ಮೇಡಮ್?" ಎಷ್ಟು ಜನ ಕಳಿಸುತ್ತಾರೆ?

"ಒರುತ್ತರ್" ಎಂದಳಂತೆ ಚಿಕ್ಕಮ್ಮ. ಒಬ್ಬರು.

ಮ್ಯಾನೇಜರು ಅವಳ ಮುಖ ನೋಡಿದರು. ಎದ್ದು ಹೋಗಿ ಅವಳಿಗೆ ತಾವೇ ಟೀ ತಂದುಕೊಟ್ಟರು. ಸಂಜೆಯೊಳಗೆ ಕನ್ನಡ ಮಾತ್ರವಲ್ಲ, ತಮಿಳು, ತೆಲುಗು, ಮಲಯಾಳ, ಬಂಗಾಳಿ, ಯಾವ ಲಿಪಿಯಲ್ಲಿ ಬರೆದರೂ ಅಂಕಿ ಅಂಕಿಯಾಗಿ ಕಾಣುವಂತೆ ಮಾಡಿ ಬಂದಳು. ಅಂಕಿ ಇಲ್ಲದ ಸಂದೇಶಗಳನ್ನು ಇನ್ನು ದಿನವೂ ಯಾರಾದರೂ ಒಬ್ಬರು ಓದಲೇಬೇಕು ಎಂದು ಮ್ಯಾನೇಜರು ಆಜ್ಞೆಯನ್ನೂ ಹೊರಡಿಸಿದರು. ಚಿಕ್ಕಮ್ಮನಿಗೆ ಸ್ವಲ್ಪ ಬೇಜಾರಾಯಿತು. ಅವಳ ಬಜ್ಜಿಗೆ ಪಾಲುದಾರರು ಬಂದರಲ್ಲ!

ಅಜ್ಜ ಮನೆಗೆ ಬಂದರು. ಅಜ್ಜಿಗೆ ತಾನು ಬರೆದರೆ ಜನ ಆಟೋ ಮಾಡಿಕೊಂಡು ಬರುತ್ತಾರೆ ಎಂಬುದು ಬಹಳ ಹಿಡಿಸಿತು. ಮಾತ್ರೆ ಬೇಕಾಗಲಿ ಬೇಡವಾಗಲಿ ಔಷಧಿ ಕಂಪನಿಯ ಆ ಡಬ್ಬಿಯಲ್ಲೇ ಬರೆಯತೊಡಗಿದರು. "ಭಾನುವಾರ ಪುಳಿಯೋಗರೆ ಮಾಡುತ್ತೇನೆ, ನೀವು ೨ ಜನ ತಪ್ಪದೆ ಬನ್ನಿ" ಎಂದು ಒಂದು ದಿನ ಬಂತು. ಪ್ರೋಗ್ರಾಮಿಗೆ ಈಗ ಕನ್ನಡದ ಅಂಕಿ ಕಾಣುತ್ತದಲ್ಲ! ೨ನ್ನು ಜೋಪಾನವಾಗಿ ಹೆಕ್ಕಿಕೊಂಡು ಆರ್ಡರಿನಲ್ಲಿ ಸೇರಿಸಿತು. ಪುಳಿಯೋಗರೆಯನ್ನು ಔಷಧಿಗಳ ನಡುವೆ ಹುಡುಕಿತು. ಅಜ್ಜಿಗೆ ಉತ್ತರವನ್ನೂ ಕಳಿಸಿತು: "ಕ್ಷಮಿಸಿ, ಸದ್ಯಕ್ಕೆ ಸ್ಟಾಕ್ ಇಲ್ಲ."

ಸ್ಟಾಕ್ ಇದ್ದದ್ದು ಮಣಲಿಯಲ್ಲಿ. ನಾವು ಹೋದೆವು. ತಿಂದೆವು. ಅಜ್ಜ ಊಟವಾದ ಮೇಲೆ ಹಾಸಿಗೆಯ ಮೇಲೆ ಕಾಲು ಚಾಚಿ ಅಂಗಾತ ಮಲಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಆ ಗೊರಕೆಯನ್ನು ನಾವೆಲ್ಲ ಸಂಗೀತದ ಹಾಗೆ ಕೇಳುತ್ತ ಕೂತಿದ್ದೆವು. ಚಿಕ್ಕಮ್ಮ ಕಿಟಕಿಯಲ್ಲಿದ್ದಳು, ಎಂದಿನಂತೆ ಎಲ್ಲೋ ನೋಡುತ್ತ. ಹೊರಗೆ ಮೋಡ ಕವಿದು ಮಧ್ಯಾಹ್ನ ತಣ್ಣಗಿತ್ತು. ಅಡಿಗೆಮನೆಯಿಂದ ಅಜ್ಜಿ ಕರೆದರು.

"ಮಗೂ, ಈ ಡಬ್ಬಿ ಮುಚ್ಚಳ ತೆಗೆದುಕೊಡು ಬಾ. ಗಟ್ಟಿ ಕೂತುಬಿಟ್ಟಿದೆ."

"ಬಂದೆ, ಅಮ್ಮಾ" ಎಂದಳು ಚಿಕ್ಕಮ್ಮ.

ನಾನು ತಿರುಗಿ ನೋಡಿದೆ. ಈ ಊರಿನಲ್ಲಿ ಹಣ್ಣಿನವಳಿಗೂ ಅಮ್ಮಾ, ಬಸ್ಸಿನಲ್ಲಿ ಕಾಲು ತುಳಿದವಳಿಗೂ ಅಮ್ಮಾ. ಆದರೆ ಚಿಕ್ಕಮ್ಮ ಎಷ್ಟೇ ವಯಸ್ಸಾದವರನ್ನೂ ಅಕ್ಕಾ ಎಂದೇ ಕರೆಯುತ್ತಿದ್ದಳು. ಅದೂ ಅವಳ ಒಂದು ಹುಚ್ಚು ಎಂದುಕೊಂಡಿದ್ದೆ. ಅವಳಿಗೆ ಮಾತು ಬರುವ ಮೊದಲೇ ನನ್ನ ಅಜ್ಜಿ, ಅವಳ ಹೆತ್ತ ತಾಯಿ, ತೀರಿಕೊಂಡಿದ್ದರು. ಎತ್ತಿ ಆಡಿಸಿ ಸಾಕಿದ್ದು ನನ್ನ ಅಮ್ಮ, ಅವಳ ಅಕ್ಕ. ಪ್ರೀತಿಯಿಂದ ಕೂಗುವುದಕ್ಕೆ ಅವಳು ಕಲಿತದ್ದು ಅದೊಂದೇ ಪದ.

ಅವಳು ಡಬ್ಬಿಯ ಮುಚ್ಚಳ ತೆಗೆದುಕೊಟ್ಟಳು. ಕೆಲಸ ಮುಗಿದರೂ ಅಡಿಗೆಮನೆಯ ಬಾಗಿಲಿಗೆ ಒರಗಿ ಅಲ್ಲೇ ನಿಂತಳು. ಅಜ್ಜಿ ಬೆನ್ನು ತಿರುಗಿಸಿ ಸ್ಟೋವ್ ಒರೆಸುತ್ತಿದ್ದರು.

"ಅಮ್ಮಾ" ಎಂದಳು ಚಿಕ್ಕಮ್ಮ ಮತ್ತೊಮ್ಮೆ, ಮೆಲ್ಲಗೆ.

"ಏನೇ?"

"ಏನಿಲ್ಲ."